ಅಪ್‌ಡೇಟ್ ಆಯ್ತು, ವಿಎಮ್‌ನಲ್ಲಿ ನೆಟ್ ಹೋಯ್ತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಾವು ರಜೆಯಲ್ಲಿ ಊರಲ್ಲೇ ಕೂತು, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಲ್ಯಾಬ್ ಕೆಲಸ ಮಾಡ್ತೀವಿ. ಅಪ್‌ಡೇಟ್ ಆದಮೇಲೆ ವರ್ಚುವಲ್‌ಬಾಕ್ಸ್ ಒಳಗಿನ ಉಬುಂಟುಗೆ ನೆಟ್ ಬರದಿದ್ರೆ ಸಿಗೋ ಸಲಹೆ ಒಂದೇ: "ಡಿಲೀಟ್ ಮಾಡಿ ಹೊಸದಾಗಿ ಹಾಕು." ಆದರೆ ಐಎಸ್‌ಒ ಫೈಲ್ ಹಲವು ಜಿಬಿ, ದಿನದ ಡೇಟಾ ಪ್ಯಾಕ್ ಸಾಲಲ್ಲ. ಒಳಗಿದ್ದ ಪ್ರಾಜೆಕ್ಟೂ ಹೋಗುತ್ತೆ.

ಅದಕ್ಕೆ ಮೊದಲು ತೊಂದರೆ ಎಲ್ಲಿದೆ ಅಂತ ನೋಡೋಣ: ಹೊರಗಿನ ಲ್ಯಾಪ್‌ಟಾಪಲ್ಲೋ, ಒಳಗಿನ ಉಬುಂಟುವಲ್ಲೋ?

1. ವಿಎಮ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು 'ಬ್ರಿಡ್ಜ್‌ಡ್'ನಿಂದ 'ನ್ಯಾಟ್'ಗೆ ಬದಲಿಸಿ. ಬ್ರಿಡ್ಜ್‌ಡ್‌ಗೆ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಒಂದು ಡ್ರೈವರ್ ಬೇಕು. ನ್ಯಾಟ್‌ಗೆ ಅದು ಬೇಡ. ಈಗ ನೆಟ್ ಬಂದ್ರೆ ಉಬುಂಟು ಸರಿಯಿದೆ, ತೊಂದರೆ ಹೊರಗಿದೆ. ನ್ಯಾಟ್‌ನಲ್ಲೇ ಕೆಲಸ ಮುಂದುವರಿಸಬಹುದು. ಬ್ರಿಡ್ಜ್‌ಡ್ ಬೇಕೇ ಬೇಕು ಅಂದ್ರೆ ವಿಂಡೋಸ್‌ನಲ್ಲಿ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲರ್ ತೆರೆದು 'ರಿಪೇರ್' ಕೊಡಿ.

2. ಬರಲಿಲ್ವಾ? ಉಬುಂಟು ಟರ್ಮಿನಲ್‌ನಲ್ಲಿ 'ಐಪಿ ಎ' ಕಮಾಂಡ್ ಕೊಡಿ. ನ್ಯಾಟ್‌ನಲ್ಲಿ ಸಾಮಾನ್ಯವಾಗಿ 10.0.2.15 ಕಾಣಬೇಕು. ಕಾಣದಿದ್ರೆ, ಅಲ್ಲಿರುವ ಇಂಟರ್‌ಫೇಸ್ ಹೆಸರೂ ನೆಟ್‌ಪ್ಲಾನ್ ಫೈಲಿನಲ್ಲಿ ಬರೆದಿರುವ ಹೆಸರೂ ಒಂದೇನಾ ನೋಡಿ. ಅಪ್‌ಗ್ರೇಡ್ ಆದಾಗ ಈ ಹೆಸರು ಬದಲಾಗೋದುಂಟು.

3. ಅಡ್ರೆಸ್ ಇದ್ದರೆ 8.8.8.8ಗೆ ಪಿಂಗ್ ಮಾಡಿ. ಉತ್ತರ ಬಂದೂ ವೆಬ್‌ಸೈಟ್ ತೆರೆಯದಿದ್ರೆ ದಾರಿ ಸರಿಯಿದೆ, ಹೆಸರು ಹುಡುಕುವ ಡಿಎನ್‌ಎಸ್ ಕೆಟ್ಟಿದೆ. ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿ.

ಮುಂದಿನ ಸಲ ಉಬುಂಟು ಅಪ್‌ಡೇಟ್‌ ಮಾಡೋ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಅದಕ್ಕೆ ಒಂದು ಎಂಬಿ ಡೇಟಾನೂ ಬೇಕಿಲ್ಲ.