ವೈನರಿಗೆ ಹೋದರೆ ನೋಡುವುದೇನು, ಸವಿಯುವುದೇನು?

ಹಿಂಡುವ ಕಸುಬು ದುದ್ದ ಹೋಬಳಿಯ ರೈತನಿಗೆ ಹೊಸದಲ್ಲ. ಕಬ್ಬನ್ನು ಕಾರ್ಖಾನೆಗೆ ಸಾಗಿಸುವವರ ನಡುವೆಯೇ, ಮನೆಮಂದಿ ಸೇರಿ ಆಲೆಮನೆ ನಡೆಸಿ ಬೆಲ್ಲ ತೆಗೆಯುವ ಕುಟುಂಬಗಳು ಮಂಡ್ಯ ಜಿಲ್ಲೆಯಲ್ಲಿ ಇಂದಿಗೂ ಇವೆ. ದ್ರಾಕ್ಷಿ ಬೆಳೆದು ತಾವೇ ವೈನ್ ತಯಾರಿಸುವ ಕುಟುಂಬದ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸವಿರುವುದು ಕಾಯುವ ಅವಧಿಯಲ್ಲಿ. ಬೆಲ್ಲ ಅಂದೇ ಅಚ್ಚಿಗೆ ಬೀಳುತ್ತದೆ. ಕೆಂಪು ವೈನ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಪೀಪಾಯಿಯಲ್ಲಿ ಉಳಿಯುತ್ತದೆ. ಹೂಡಿದ ಹಣವೂ ಅಷ್ಟು ಕಾಲ ಅಲ್ಲಿಯೇ ಉಳಿಯುತ್ತದೆ.

ರಾಜ್ಯದಲ್ಲಿ ಈ ಉದ್ಯಮಕ್ಕೆ ಹೆಸರು ತಂದದ್ದು ಗ್ರೋವರ್ ಕುಟುಂಬ. ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ತಾಲ್ಲೂಕಿಗೆ ತಂದರು. ತಂಪು ರಾತ್ರಿಗಳಲ್ಲಿ ಹಣ್ಣಿನ ಹುಳಿ ಉಳಿಯುವುದೇ ಆ ನೆಲದ ಅನುಕೂಲ. ಮಗ ಕಪಿಲ್ ಗ್ರೋವರ್ ಅದನ್ನು ಮುಂದುವರಿಸಿದರು. 2012ರಲ್ಲಿ ಮಹಾರಾಷ್ಟ್ರದ ಕಂಪನಿಯೊಂದರೊಡನೆ ವಿಲೀನವಾಗಿ ಅದು ಗ್ರೋವರ್ ಜಂಪಾ ಎನಿಸಿತು. ಇದರ ನಡುವೆ, 2007ರಲ್ಲಿ, ರಾಜ್ಯ ಸರ್ಕಾರ ವೈನ್ ಉದ್ಯಮಕ್ಕೆಂದೇ ಪ್ರತ್ಯೇಕ ನೀತಿ ರೂಪಿಸಿತು. ಮಂಡ್ಯದವರು ಅಷ್ಟು ದೂರ ಹೋಗಬೇಕಾಗಿಲ್ಲ. ಮದ್ದೂರು ದಾಟಿದರೆ ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿ ಹೆರಿಟೇಜ್ ವೈನರಿ ಇದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕೊಯ್ಲಿನ ಕಾಲದಲ್ಲಿ ಹೋದರೆ ಕೆಲಸವನ್ನೇ ಕಣ್ಣಾರೆ ಕಾಣಬಹುದು. ರಸದ ಸಿಹಿಯನ್ನು ಅಳೆಯುವ ಬ್ರಿಕ್ಸ್ ಮಾಪಕ ನಮ್ಮ ಕಬ್ಬು ಬೆಳೆಗಾರರಿಗೆ ಪರಿಚಿತವಾದದ್ದೇ. ವೈನ್ ದ್ರಾಕ್ಷಿಯಲ್ಲಿ ಅದು ಸುಮಾರು 22ರಿಂದ 24 ಇರಬೇಕು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಮದ್ಯಸಾರ ಉಂಟಾಗುತ್ತದೆ. ಕೆಂಪು ವೈನಿಗೆ ಸಿಪ್ಪೆಯ ಸಮೇತ ಹುದುಗಿಸುತ್ತಾರೆ, ಬಣ್ಣ ಮತ್ತು ಒಗರು ಬರುವುದು ಅದರಿಂದ. ಬಿಳಿಗೆ ಮೊದಲೇ ಹಿಂಡಿ, ಬರಿಯ ರಸವನ್ನು ತಂಪಾಗಿಟ್ಟು ಹುದುಗಿಸುತ್ತಾರೆ.

ಸವಿಯುವ ಮೇಜಿನಲ್ಲಿ ಬಿಳಿ ಮೊದಲು, ಕೆಂಪು ಆಮೇಲೆ. ಲೋಟದಲ್ಲಿ ಹಾಕುವುದು ಎರಡು ಮೂರು ಗುಟುಕು ಮಾತ್ರ. ಬಿಳಿ ಕಾಗದದ ಎದುರು ವಾಲಿಸಿ ಬಣ್ಣ ನೋಡಿ, ತುಸು ತಿರುಗಿಸಿ ಮೂಸಿ, ಬಾಯಲ್ಲಿ ಕ್ಷಣಕಾಲ ಹಿಡಿದು ಪಾತ್ರೆಗೆ ಉಗುಳುವುದು ಕ್ರಮ. ಇದನ್ನು ಅವಮರ್ಯಾದೆ ಎಂದು ಯಾರೂ ಬಗೆಯುವುದಿಲ್ಲ. ಹೆದ್ದಾರಿಯಲ್ಲಿ ಕಾರು ನಡೆಸಬೇಕಾದವರು ಮೇಜಿನ ಹತ್ತಿರವೇ ಹೋಗದಿರುವುದು ಲೇಸು. ಪುಸ್ತಕಗಳು ಹೇಳುವ ಓಕ್, ಚೆರ್ರಿಗಳ ಪರಿಮಳ ಸಿಗಲಿಲ್ಲವೆಂದು ಸಂಕೋಚಪಡಬೇಕಾಗಿಲ್ಲ. ಎಳೆಯ ಅಡಿಕೆ ಅಥವಾ ನೆಲ್ಲಿಕಾಯಿ ಅಗಿದಾಗ ನಾಲಿಗೆ ಬಿಗಿಯುವ ಆ ಒಗರನ್ನು ಬಲ್ಲವರಿಗೆ ಕೆಂಪು ವೈನಿನ ಅರ್ಧ ಪಾಠ ಮುಗಿದಂತೆಯೇ. ಒದ್ದೆ ರಟ್ಟಿನ ವಾಸನೆಯಿದ್ದರೆ ಬಿರಡೆ ಕೆಟ್ಟಿದೆ. ವಿನೆಗರ್ ಘಾಟಿದ್ದರೆ ವೈನೇ ಕೆಟ್ಟಿದೆ. ಎರಡನ್ನೂ ಧಾರಾಳವಾಗಿ ಹೇಳಬಹುದು.

2013ರಲ್ಲಿ ಭೌಗೋಳಿಕ ಸೂಚಿ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ಸಿಕ್ಕರೆ ಅದನ್ನು ಕೊನೆಗಿಟ್ಟುಕೊಳ್ಳಬೇಕು. ಅದರ ಗಾಢ ಪರಿಮಳದ ಮುಂದೆ ಬೇರೆಯವು ಸಪ್ಪೆಯೆನಿಸುತ್ತವೆ. ಒಣ ವೈನಿಗೆ ಈ ತಳಿ ಒಗ್ಗದೆಂದು ಬಲ್ಲವರು ಮೂಗು ಮುರಿಯುವುದುಂಟು. ಆದರೆ ನಮ್ಮ ರೈತರ ತೋಟಗಳಲ್ಲಿ ಹೆಚ್ಚಾಗಿರುವುದು ಫ್ರಾನ್ಸಿನ ತಳಿಗಳಲ್ಲ, ಇದೇ.

ಆ ರೈತನ ಕಷ್ಟ ಎಂಥದೆಂಬುದು 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದಾಗ ಕಂಡಿತು. ಚಿಕ್ಕಬಳ್ಳಾಪುರದ ಕಡೆ ಕೊಳ್ಳುವವರಿಲ್ಲದೆ ಮಾಗಿದ ದ್ರಾಕ್ಷಿ ತಿಪ್ಪೆ ಸೇರಿತು. ಕಡಿದ ಕಬ್ಬಿನಂತೆ ಕೊಯ್ದ ದ್ರಾಕ್ಷಿಯೂ ಕಾಯುವುದಿಲ್ಲ. ಸ್ವಂತ ತೊಟ್ಟಿಯಿದ್ದವನು ಹಿಂಡಿಟ್ಟುಕೊಂಡು ಬೆಲೆಗೆ ಕಾಯಬಲ್ಲ. ಆದರೆ ಯಂತ್ರ, ಶೀತಲ ವ್ಯವಸ್ಥೆ, ಅಬಕಾರಿ ಪರವಾನಗಿ ಎಲ್ಲಕ್ಕೂ ಬಂಡವಾಳ ಬೇಕು. ಅಂಗಡಿಯ ಕಪಾಟಿನಲ್ಲಿ ದೊಡ್ಡ ಕಂಪನಿಗಳ ಬಾಟಲಿಗಳೇ ಎದ್ದು ಕಾಣುವಾಗ, ಸಣ್ಣ ತಯಾರಕನ ಹೆಸರು ಗಿರಾಕಿಗೆ ತಿಳಿಯುವುದು ಬಹುಮಟ್ಟಿಗೆ ಈ ಮೇಜಿನಿಂದಲೇ. ಮೆಚ್ಚಿದರೆ ಒಂದು ಬಾಟಲಿಯನ್ನಾದರೂ ಅಲ್ಲಿಯೇ ಕೊಳ್ಳಬಹುದು. ಹೋಗುವ ಮುನ್ನ ಫೋನ್ ಮಾಡಿ ಸಮಯ ಗೊತ್ತುಪಡಿಸಿಕೊಳ್ಳುವುದು ಒಳಿತು.