ಗೋ-ಕಾರ್ಟ್ ಫ್ರೇಮು: ಬೋಲ್ಟಾ, ವೆಲ್ಡಿಂಗಾ?

ಮನೇಲೇ ಗೋ-ಕಾರ್ಟ್ ಕಟ್ತಿದ್ದೀರಾ? ಪೈಪು ಹೇಗೆ ಜೋಡಿಸ್ತೀರಿ ಅನ್ನೋದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ. ಕಾರ್ಟಿಗೆ ಸಸ್ಪೆನ್ಷನ್ ಇರಲ್ಲ. ತಿರುವಿನಲ್ಲಿ ಫ್ರೇಮೇ ಸ್ವಲ್ಪ ತಿರುಚಿಕೊಂಡು ಒಳಬದಿಯ ಹಿಂದಿನ ಚಕ್ರವನ್ನ ಹಗುರ ಮಾಡ್ಬೇಕು. ಇಂಥ ಕಡೆ ಬರೀ ಬೋಲ್ಟ್ ಹಾಕಿದ್ರೆ ತೂತು ಅಗಲ ಆಗ್ತಾ ಜೋಡಣೆ ಸಡಿಲ ಆಗುತ್ತೆ. ಎಂಜಿನ್, ಸೀಟು ಬಿಚ್ಚಿ ಹಾಕೋ ಭಾಗಗಳು, ಅಲ್ಲಿಗೆ ಬೋಲ್ಟು, ನೈಲಾಕ್ ನಟ್ಟು ಸರಿ. ಫ್ರೇಮಿಗೆ ವೆಲ್ಡಿಂಗೇ ಆಗ್ಬೇಕು.

2 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪೈಪಿಗೆ ನಾನು ಹೇಳೋದು ಮಿಗ್ ವೆಲ್ಡಿಂಗ್. ತಂತಿ ತಾನೇ ಬರುತ್ತೆ, ಕೈ ಬೇಗ ಪಳಗುತ್ತೆ. ಆದ್ರೆ ನೋಡೋಕೆ ಚೆಂದ ಇರೋ ಬೆಸುಗೆ ಕೆಲವೊಮ್ಮೆ ಒಳಗೆ ಹಿಡಿದೇ ಇರಲ್ಲ, ಅದೇ ದೊಡ್ಡ ಅಪಾಯ. ಎರಡು ತುಂಡು ಪೈಪು ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು ನೋಡಿ. ಪೈಪ್ ಬಗ್ಗಿದ್ರೆ ಒಳ್ಳೇದು. ಬೆಸುಗೆ ಕಿತ್ತು ಬಂದ್ರೆ ಕರೆಂಟ್ ಸಾಲ್ತಿಲ್ಲ.

ಹತ್ತಿರದ ಗ್ರಿಲ್ ಅಂಗಡೀಲಿ ಆರ್ಕ್ ಮಾತ್ರ ಇದ್ಯಾ? 2.5 ಮಿ.ಮೀ.ನ 6013 ರಾಡಿನಲ್ಲೂ ಆಗುತ್ತೆ, ಪಳಗಿದ ಕೈ ಬೇಕು ಅಷ್ಟೇ.

ಸತು ಲೇಪಿಸಿದ ಜಿಐ ಪೈಪ್ ಮಾತ್ರ ದಯವಿಟ್ಟು ಬೇಡ. ಸತು ಉರಿದ ಬಿಳಿ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರುತ್ತೆ.

ಮೊದಲು ಎಲ್ಲಾ ಕಡೆ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ. ಮೂಲೆಯಿಂದ ಎದುರು ಮೂಲೆಗೆ, ಎರಡೂ ಕರ್ಣಕ್ಕೆ, ಟೇಪ್ ಹಿಡೀರಿ. ಎರಡೂ ಅಳತೆ ಒಂದೇ ಬಂದ ಮೇಲೆ ಪೂರ್ತಿ ವೆಲ್ಡ್ ಮಾಡಿ.