ಗರಡಿಯ ತಗ್ಗು ಬಾಗಿಲು

ಹಳೆಯ ಕಾಲದ ಗರಡಿಮನೆಗಳ ಬಾಗಿಲು ಬಹು ತಗ್ಗು. ಆರಡಿ ಎತ್ತರದ ಜಟ್ಟಿಯಾಗಲಿ, ಊರ ಸಾಹುಕಾರನ ಮಗನಾಗಲಿ, ನಡು ಬಗ್ಗಿಸಿ ತಲೆ ತಗ್ಗಿಸದೆ ಒಳಗೆ ಕಾಲಿಡುವಂತಿಲ್ಲ. ಇದೇಕೆ ಹೀಗೆಂದು ಕೇಳಿದರೆ ಗರಡಿಯವರು ಕೊಡುವ ಉತ್ತರ ಸರಳವಾದುದು: ಒಳಗಿರುವವನು ಹನುಮಂತ, ಅವನೆದುರು ಬಾಗದ ತಲೆಗೆ ವಿದ್ಯೆ ಒಲಿಯದು. ಮೈ ಬೆಳೆಯಲೆಂದು ಮಗನನ್ನು ಗರಡಿಗೆ ಕಳುಹಿಸಿದ ತಂದೆಗೆ, ಅಲ್ಲಿ ಮೊದಲು ಪಳಗಿದುದು ಮಗನ ಕತ್ತು ಎಂಬ ಸಂಗತಿ ಎಷ್ಟೋ ದಿನ ತಿಳಿಯುತ್ತಲೇ ಇರಲಿಲ್ಲ.

ಒಳಗೆ ಅರೆಗತ್ತಲೆ. ಗೋಡೆಗೊರಗಿದ ಗದೆ, ಮುದ್ಗರ, ಮೂಲೆಯಲ್ಲಿ ಗುಂಡುಕಲ್ಲು. ನಡುವೆ ಕೆಮ್ಮಣ್ಣಿನ ಅಖಾಡ. ಈ ಮಣ್ಣು ಹೊಲದಿಂದ ತಂದು ಸುರಿದ ಬರಿಯ ಮಣ್ಣಲ್ಲ. ಕಲ್ಲು ಹರಳು ಉಳಿಯದಂತೆ ಜರಡಿ ಹಿಡಿದು, ಎಣ್ಣೆ, ಅರಿಶಿನ, ನಿಂಬೆಯ ರಸ, ಮಜ್ಜಿಗೆಗಳನ್ನು ಬೆರೆಸಿ ಹದಗೊಳಿಸಿದ ಮಣ್ಣು. ಹೊಸದಾಗಿ ಬಂದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಪಟ್ಟುಗಳನ್ನು ಹೇಳಿಕೊಡುವುದಿಲ್ಲ. ಕೈಗೆ ಗುದ್ದಲಿ ಕೊಡುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಬಂದು ಅವನು ಅಖಾಡವನ್ನು ಅಗೆದು ಮಗುಚಬೇಕು, ಹೆಂಟೆಗಳನ್ನು ಪುಡಿಮಾಡಬೇಕು. ಅನಂತರ ದಂಡ, ಬಸ್ಕಿ. ಹೀಗೆ ಸಡಿಲಿಸಿದ ಮಣ್ಣಿನ ಮೇಲೆ ಕುಸ್ತಿಯಾಡುವವರು ಹಿರಿಯ ಪೈಲ್ವಾನರು. ತನ್ನ ಬೆವರಿನಿಂದ ಮೆತ್ತಗಾದ ನೆಲದ ಮೇಲೆ ಬೇರೊಬ್ಬನು ಪೆಟ್ಟಾಗದೆ ಬೀಳುವುದನ್ನು ನೋಡುತ್ತ ನಿಲ್ಲುವುದೇ ಅವನಿಗೆ ಅಲ್ಲಿ ದೊರೆಯುವ ಮೊದಲ ಪಾಠ.

ಉಳಿದ ನಿಯಮಗಳು ತಾವಾಗಿಯೇ ಹಿಂಬಾಲಿಸುತ್ತವೆ. ನಸುಕಿನಲ್ಲಿ ಏಳಬೇಕಾದವನು ಇರುಳು ಬೇಗನೆ ಮಲಗಬೇಕು. ಬೀಡಿ ಹೆಂಡಗಳ ಸಹವಾಸ ಮಾಡಿದವನ ಉಸಿರು ನಾಲ್ಕು ಗಳಿಗೆಯಲ್ಲೇ ಅವನ ಗುಟ್ಟನ್ನು ಬಯಲಿಗಿಡುತ್ತದೆ. ಮನೆಯಲ್ಲಿ ತಾಯಿ ನೂರು ಸಲ ಹೇಳಿದರೂ ಕೇಳದ ಬುದ್ಧಿವಾದವನ್ನು ಅಖಾಡದ ಮಣ್ಣು ಒಂದೇ ಬೆಳಗಿನಲ್ಲಿ ಹೇಳಿಬಿಡುತ್ತದೆ.

ಶಿಕಾರಿಪುರ, ಸೊರಬಗಳ ಸೀಮೆಗೆ ಈ ವಿದ್ಯೆ ಹೊಸತಲ್ಲ. ಶಿಕಾರಿಪುರದ ಪ್ರಸಿದ್ಧ ದೈವವಾದ ಹುಚ್ಚರಾಯಸ್ವಾಮಿ ಗರಡಿಯ ದೇವರಾದ ಆಂಜನೇಯನೇ. ಈ ಕಡೆಯ ಜಾತ್ರೆಗಳಲ್ಲಿ ಬಯಲು ಕುಸ್ತಿಯನ್ನು ಏರ್ಪಡಿಸುವ, ಗೆದ್ದವನಿಗೆ ಬೆಳ್ಳಿಯ ಕಡಗ ತೊಡಿಸುವ ರೂಢಿಯುಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿ ಮೆರೆದ ಊರು. ಆ ವಂಶದ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ಭಾರವೆತ್ತುವ, ನಡೆಯುವ, ನೀರಿನಲ್ಲಿ ಈಸುವ, ಕಂಬವೇರುವ ಅಭ್ಯಾಸಗಳು, ಎಲ್ಲವೂ ಅಲ್ಲಿ ಉಕ್ತವಾಗಿವೆ. ರಾಜನಾದವನು ಮಲ್ಲನ ಊಟದ ವಿಚಾರವಾಗಿ ಅಷ್ಟು ಕಾಳಜಿಯಿಂದ ಬರೆದಿರುವುದು ಇಂದಿನ ಓದುಗರಿಗೆ ಸೋಜಿಗವೆನಿಸದೆ ಇರದು.

ಅರಮನೆಯ ಮಲ್ಲರಿಗಿಂತ ಹೆಚ್ಚು ಮನಸ್ಸನ್ನು ಸೆಳೆಯುವವರು ಈ ಎರಡು ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ, ಕೆರೆಯ ಏರಿಯ ಬಳಿಯಲ್ಲಿ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳ ವೀರರು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವ ನೋಟ, ಮೇಲೆ ಕೈಲಾಸ. ಇವರಲ್ಲಿ ಎಷ್ಟೋ ಮಂದಿ ರಾಜರಲ್ಲ, ದಂಡನಾಯಕರಲ್ಲ; ಊರಿನ ಸಾಮಾನ್ಯರು. ತುರುಗಳನ್ನು ಹಿಡಿದೊಯ್ಯುವಾಗ ಅಡ್ಡ ನಿಂತವರು, ಹೆಣ್ಣುಮಕ್ಕಳ ಮೊರೆ ಕೇಳಿ ಓಡಿಬಂದವರು, ಊರಳಿವಿನಲ್ಲಿ ಹೋರಾಡಿ ಮಡಿದವರು. ‘ತುರುಗೊಳ್’, ‘ಪೆಣ್ಬುಯ್ಯಲ್’ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಕಂಡಾಗ, ನಮ್ಮ ಹಿರಿಯರು ಯಾವ ತೋಳನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಲು ಇಚ್ಛಿಸಿದರೆಂಬುದು ಸ್ಪಷ್ಟವಾಗುತ್ತದೆ. ಪರರಿಗಾಗಿ ಎತ್ತಿದ ತೋಳಿಗೆ ಮಾತ್ರ ಅಂಥ ಗೌರವ.

ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಸ್ತಂಭಶಾಸನವಂತೂ ಸಿಟ್ಟಿನ ಕಥೆಯನ್ನೇ ಹೇಳುತ್ತದೆ. ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ರಚಿಸಿದ ಈ ಶಾಸನದ ಪ್ರಕಾರ, ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆಯಾಳಿನ ಸಂಬಂಧವಾಗಿ ಕಲಹವುಂಟಾಯಿತು. ಅಪಮಾನದಿಂದ ಕುದಿದ ವಿದ್ಯಾರ್ಥಿ ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದನು. ನಾಟಕಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ಚಪ್ಪಾಳೆ ಬೀಳುತ್ತದೆ. ಆದರೆ ಸಿಟ್ಟು ಬಂದ ಗಳಿಗೆಗೂ ಪಟ್ಟವೇರಿದ ಗಳಿಗೆಗೂ ನಡುವೆ ಶಸ್ತ್ರಾಭ್ಯಾಸದ ದಿನಗಳಿವೆ. ಶ್ರೀಪರ್ವತದ ದುರ್ಗಮವಾದ ಕಾಡುಗಳಲ್ಲಿ ಕಾದ ದಿನಗಳಿವೆ. ಕೊನೆಗೆ ಪಲ್ಲವರೇ ಅವನ ಪರಾಕ್ರಮವನ್ನು ಮನ್ನಿಸಿ ಪಟ್ಟ ಕಟ್ಟಿದರು. ಕಂಚಿಯ ಬೀದಿಯಲ್ಲಿಯೇ ಅವನು ಕೈಮಾಡಿದ್ದಿದ್ದರೆ ಕದಂಬರ ಚರಿತ್ರೆಯೇ ಇರುತ್ತಿರಲಿಲ್ಲವೇನೋ!

ಇಷ್ಟಾದರೂ ಮಧ್ಯಮ ವರ್ಗದ ಮನೆಗಳಲ್ಲಿ ಗರಡಿಯ ವಿಷಯವಾಗಿ ಒಂದು ಅಳುಕು ಇದ್ದೇ ಇದೆ. ಮೈ ಬೆಳೆಸಿದವನು ಬುದ್ಧಿ ಬೆಳೆಸಲಾರ ಎಂಬುದು ಒಂದು. ಪೈಲ್ವಾನನು ಪುಂಡನಾಗುವನೆಂಬುದು ಇನ್ನೊಂದು. ಮೊದಲನೆಯದಕ್ಕೆ ಬೆಂಗಳೂರಿನ ಕೆ. ವಿ. ಅಯ್ಯರ್ ಅವರೇ ಉತ್ತರ. ದೇಶವಿದೇಶಗಳಲ್ಲಿ ಹೆಸರಾದ ಆ ವ್ಯಾಯಾಮಾಚಾರ್ಯರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ. ಎರಡನೆಯ ಅಳುಕನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗರಡಿಯಲ್ಲಿ ಬೆಳೆದ ತೋಳುಗಳನ್ನು ಜಗಳಕ್ಕೂ ಚುನಾವಣೆಗೂ ಬಾಡಿಗೆಗೆ ಕೊಟ್ಟವರು ಇಲ್ಲದಿಲ್ಲ.

ಈ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದವರೂ ಉಂಟು. ಅಮೆರಿಕದ ಟ್ರಲ್ಸನ್ ಎಂಬ ವಿದ್ವಾಂಸನು 1986ರಲ್ಲಿ ಪ್ರಕಟಿಸಿದ ಅಧ್ಯಯನವು ದಾರಿ ತಪ್ಪಿದ ಹುಡುಗರನ್ನು ಕುರಿತದ್ದು. ಅವರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಟೇಕ್ವಾಂಡೋ ವಿದ್ಯೆಯನ್ನು ಅದರ ಸಂಪ್ರದಾಯದಂತೆ ಧ್ಯಾನ, ಗುರುಗೌರವ, ನೀತಿಬೋಧೆಗಳೊಡನೆ ಕಲಿಸಲಾಯಿತು. ಇನ್ನೊಂದಕ್ಕೆ ಒದೆಯುವ, ಗುದ್ದುವ ವಿದ್ಯೆ ಮಾತ್ರ. ಮೂರನೆಯದಕ್ಕೆ ಓಟ, ಚೆಂಡಾಟ. ಆರು ತಿಂಗಳ ಕೊನೆಗೆ ಮೊದಲ ಗುಂಪಿನ ಹುಡುಗರ ಆಕ್ರಮಣ ಪ್ರವೃತ್ತಿ ಇಳಿದಿತ್ತು. ಎರಡನೆಯ ಗುಂಪಿನವರದು ಏರಿತ್ತು! ಒದೆತ ಅದೇ, ಗುದ್ದು ಅದೇ. ಬಾಗಿಲು ಮಾತ್ರ ಬೇರೆ. ಹುಡುಗರ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನೇ ಕೊನೆಯ ಮಾತೆಂದು ಹಿಡಿಯಬೇಕಾಗಿಲ್ಲ. ಆದರೂ ಊರಿನ ಹಿರಿಯ ಉಸ್ತಾದರಿಗೆ ಇದನ್ನು ಓದಿ ಹೇಳಿದರೆ ಅವರು ಆಶ್ಚರ್ಯಪಡಲಾರರು.

ಗರಡಿಯಲ್ಲಿ ಗೆಲ್ಲುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಬೀಳುವುದನ್ನು. ಜಪಾನಿನಲ್ಲಿ 1882ರಲ್ಲಿ ಜೂಡೋ ಪದ್ಧತಿಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಸ್ವತಃ ಶಿಕ್ಷಣತಜ್ಞ. ಅಲ್ಲಿಯೂ ಎದುರಾಳಿಯನ್ನು ಕೆಡಹುವ ಮುನ್ನ ತಾನು ಸರಿಯಾಗಿ ಬೀಳುವ ಕ್ರಮವನ್ನು ಅಭ್ಯಾಸ ಮಾಡಬೇಕು. ದಿನಕ್ಕೆ ಹತ್ತು ಸಲ ಎಲ್ಲರೆದುರು ಬಿದ್ದು, ಮೈಯ ಮಣ್ಣು ಕೊಡವಿಕೊಂಡು, ಕೆಡಹಿದವನ ಕೈಹಿಡಿದೇ ಏಳುವ ಹುಡುಗನಿಗೆ ಸೋಲೆಂದರೆ ಅಪಮಾನವೆಂಬ ಭಾವನೆ ಮೆಲ್ಲಗೆ ಕರಗುತ್ತದೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಮಕ್ಕಳ ಮುಖ ನೋಡಿ ಕಂಗಾಲಾಗುವ ತಂದೆತಾಯಿಗಳಿಗೆ ಇದರ ಬೆಲೆಯನ್ನು ಬೇರೆಯಾಗಿ ಹೇಳಬೇಕಿಲ್ಲ.

ಧೈರ್ಯಕ್ಕೆ ಈ ಸೀಮೆಯಲ್ಲಿ ಎಂದೂ ಬರಗಾಲವಿಲ್ಲ. ದೀಪಾವಳಿ ಕಳೆಯುತ್ತಲೇ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ಮೊದಲಾಗುತ್ತದೆ. ಕೊರಳಿಗೆ ಕೊಬ್ಬರಿಯ ಹಾರ ಕಟ್ಟಿ ಬಿಟ್ಟ ಹೋರಿ ಬಿರುಗಾಳಿಯಂತೆ ನುಗ್ಗಿ ಬರುವಾಗ, ಅದರ ಮೇಲೆ ಬಿದ್ದು ಕೊಬ್ಬರಿ ಕೀಳುವ ತರುಣರ ಸಾಹಸವನ್ನು ಮೆಚ್ಚದವರಾರು? ಆದರೆ ಸಾವುನೋವುಗಳೂ ಸಂಭವಿಸಿವೆ. ಹೋರಿಯನ್ನಾದರೋ ಅದರ ಒಡೆಯನು ತಿಂಗಳುಗಟ್ಟಲೆ ಮೇಯಿಸಿ, ಓಡಿಸಿ, ಪಳಗಿಸಿರುತ್ತಾನೆ. ಹಿಡಿಯಬಂದ ಹುಡುಗರಲ್ಲಿ ಹಲವರು ಆ ದಿನ ಬೆಳಗ್ಗೆ ಮನಸ್ಸು ಮಾಡಿ ಬಂದವರು. ಅಖಾಡವನ್ನು ಅಗೆದು ಬೆಳೆದ ಹುಡುಗನಿಗೆ ಯಾವಾಗ ಕೈಯಿಕ್ಕಬಾರದೆಂಬುದೂ ಗೊತ್ತಿರುತ್ತದೆ.

ಈಗ ಊರೂರುಗಳಲ್ಲಿ ಗರಡಿಗಳು ಮಂಕಾಗಿವೆ. ಸಂಜೆಯ ಹೊತ್ತು ಬಿಳಿಯ ಉಡುಪು ತೊಟ್ಟು ಕರಾಟೆಗೆ ಹೊರಡುವ ಮಕ್ಕಳನ್ನು ತಾಲ್ಲೂಕು ಪಟ್ಟಣಗಳಲ್ಲಿಯೂ ಕಾಣಬಹುದು. ಅವರ ತಂದೆತಾಯಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಕಪ್ಪು ಪಟ್ಟಿ ಎಷ್ಟು ವರ್ಷಕ್ಕೆ ಬರುವುದೆಂಬುದು. ಕರಾಟೆಯನ್ನು ಜಪಾನಿನಲ್ಲಿ ಬಳಕೆಗೆ ತಂದ ಗಿಚಿನ್ ಫುನಾಕೋಶಿ, ಮೊದಲ ಏಟು ಕರಾಟೆಯವನದಾಗಬಾರದೆಂದು ಶಿಷ್ಯರಿಗೆ ವಿಧಿಸಿದ್ದನು. ಪಟ್ಟಿಯ ಬಣ್ಣದೊಡನೆ ಈ ಮಾತನ್ನೂ ವಿಚಾರಿಸುವ ಪೋಷಕರಿದ್ದರೆ ಒಳ್ಳೆಯದು.

ಗರಡಿಯ ಒಂದು ಕೊರತೆಯನ್ನು ಮಾತ್ರ ಒಪ್ಪಲೇಬೇಕು. ಆ ತಗ್ಗು ಬಾಗಿಲು ಗಂಡುಮಕ್ಕಳಿಗಾಗಿಯೇ ಇದ್ದದ್ದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಕೋಟೆಯು ಕೆಳದಿಯ ಅರಸರಿಗೆ ಸೇರಿತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಮೊಗಲರ ಸೈನ್ಯವನ್ನು ಎದುರಿಸಿದ ಚೆನ್ನಮ್ಮಾಜಿ ಆ ರಾಜ್ಯದ ರಾಣಿ. ಅಂಥವಳ ನಾಡಿನಲ್ಲಿಯೂ ಹೆಣ್ಣುಮಗಳಿಗೆ ಅಖಾಡದ ಮಣ್ಣು ಸೋಕಲಿಲ್ಲ. ಈಗ ರಾಣಿ ಲಕ್ಷ್ಮೀಬಾಯಿಯ ಹೆಸರಿನ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಆತ್ಮರಕ್ಷಣೆಯ ವಿದ್ಯೆಯನ್ನು ಹೇಳಿಕೊಡಲಾಗುತ್ತಿದೆ. ತರಬೇತಿಯ ಅವಧಿ ಮೂರು ತಿಂಗಳು. ಗರಡಿಯ ಲೆಕ್ಕದಲ್ಲಿ ಮೂರು ತಿಂಗಳೆಂದರೆ ಹುಡುಗನು ಗುದ್ದಲಿ ಹಿಡಿಯುವುದನ್ನು ಚೆನ್ನಾಗಿ ಕಲಿತು, ಮೊದಲನೆಯ ಪಟ್ಟಿಗಾಗಿ ಇನ್ನೂ ಉಸ್ತಾದರ ಮುಖ ನೋಡುತ್ತಿರುವ ಕಾಲ.